ಊಟದ ಲೆಕ್ಕಕ್ಕೆ ಆ್ಯಪ್ ಒಳ್ಳೇದಾ, ಗೋಡೆ ಕ್ಯಾಲೆಂಡರ್ ಒಳ್ಳೇದಾ?

ಮನೆಯವರೆಲ್ಲ ದಿನಾ ಏನು ತಿನ್ನುತ್ತೇವೆ ಅಂತ ಗುರುತಿಡಲು ನಾವು ಮೂರು ದಾರಿ ನೋಡಿದೆವು. ಫೋನಿನ ಕ್ಯಾಲೊರಿ ಆ್ಯಪ್, ಮನೆಯ ವಾಟ್ಸಾಪ್ ಗುಂಪಿಗೆ ತಟ್ಟೆಯ ಫೋಟೊ, ಅಡುಗೆಮನೆ ಗೋಡೆಯ ಕ್ಯಾಲೆಂಡರ್. ನಮ್ಮದು ಕೋಲಾರದಲ್ಲಿ ನಾಲ್ಕು ಜನರ ಸಂಸಾರ. ನನ್ನ ವೋಟು ಕ್ಯಾಲೆಂಡರಿಗೆ.

ಆ್ಯಪ್ ಒಬ್ಬರ ಮಟ್ಟಿಗೆ ಚೆನ್ನಾಗಿದೆ. ಸಂಜೆಯ ಬೇಕರಿ ತಿಂಡಿ, ಸಕ್ಕರೆ ಟೀ ಸೇರಿ ಎಷ್ಟಾಗುತ್ತೆ ಅಂತ ನಮ್ಮ ಯಜಮಾನರಿಗೆ ಗೊತ್ತಾಗಿದ್ದೇ ಅದರಿಂದ. ಪ್ಯಾಕೆಟ್ ತಿಂಡಿಗೂ ಅದು ಸರಿ. ಆದರೆ ಬಸ್ಸಾರಿಗೆ? ಹಿತಕಿದ ಬೇಳೆ ಸಾರಿಗೆ? ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಕುದಿಸಿದ್ದರಲ್ಲಿ ನನ್ನ ಪಾಲಿನ ಕಾಳೆಷ್ಟು, ಸೊಪ್ಪೆಷ್ಟು ಅಂತ ಅಂದಾಜಿನ ಮೇಲೇ ತುಂಬಬೇಕು. ಮುದ್ದೆಯ ಗಾತ್ರವೂ ಮನೆಗೊಂದು ಥರ. ಅಡುಗೆ ಅರ್ಧ ನಮ್ಮ ಅತ್ತೆಯದೇ, ಅವರು ಸ್ಮಾರ್ಟ್‌ಫೋನ್ ಮುಟ್ಟುವುದಿಲ್ಲ. ಅವರನ್ನು ಬಿಟ್ಟು ಮನೆಯ ಊಟದ ಲೆಕ್ಕ ಇಡುವುದು ಹೇಗೆ? ಬೆಳೆಯುವ ಮಗಳು ಕ್ಯಾಲೊರಿ ಎಣಿಸುತ್ತ ಕೂರುವುದೂ ನನಗೆ ಬೇಡ.

ಫೋಟೊ ಸುಲಭ. ತಟ್ಟೆಯಲ್ಲಿ ಅನ್ನ ಎಷ್ಟು ಜಾಗ ಹಿಡಿದಿದೆ ಅಂತ ಕಣ್ಣಿಗೆ ಹೊಡೆಯುತ್ತದೆ. ಎಣ್ಣೆ, ಉಪ್ಪು ಮಾತ್ರ ಕಾಣುವುದಿಲ್ಲ, ನಡುನಡುವೆ ಬಾಯಿಗೆ ಹಾಕಿಕೊಂಡಿದ್ದಂತೂ ಇಲ್ಲವೇ ಇಲ್ಲ.

ಕ್ಯಾಲೆಂಡರಿನಲ್ಲಿ ದಿನದ ಚೌಕಕ್ಕೆ ನಾಲ್ಕೇ ಅಕ್ಷರ: ಸೊಪ್ಪಿಗೆ ಸೊ, ಕಾಳಿಗೆ ಕಾ, ಹಣ್ಣಿಗೆ ಹ, ಕರಿದ ತಿಂಡಿಗೆ ಕ. ಬರೆಯೋದು ಅತ್ತೆ. ಸೊ ದಿನಾ ಬೀಳುತ್ತಿತ್ತು, ಹ ಮಾತ್ರ ಮಾವಿನ ಕಾಲ ಮುಗಿದ ಮೇಲೆ ಖಾಲಿ. ಮಾವಿಗೆ ಹೆಸರಾದ ಶ್ರೀನಿವಾಸಪುರ ಪಕ್ಕದಲ್ಲೇ ಇದೆ ಅಂದ ಮಾತ್ರಕ್ಕೆ ವರ್ಷವೆಲ್ಲ ಹಣ್ಣು ತಿಂದ ಹಾಗಾಗಲ್ಲ ಅಲ್ವಾ? ಅವರೆಕಾಯಿ ಸುಗ್ಗಿ ಮುಗಿದರೆ ಕಾ ಕೂಡ ತೆಳುವಾಗುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಕೊಟ್ಟ ಮಾದರಿ ತಟ್ಟೆಯಲ್ಲಿ, 2000 ಕ್ಯಾಲೊರಿಯ ಊಟಕ್ಕೆ, ದಿನಕ್ಕೆ 400 ಗ್ರಾಂ ತರಕಾರಿ-ಸೊಪ್ಪು, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಇದೆ. ಈಗ ಮಗಳ ಡಬ್ಬಿಗೆ ಸೀಬೆಯೋ ಬಾಳೆಯೋ ಹೋಗುತ್ತದೆ. ಅವರೆ ಸಿಗದ ತಿಂಗಳಲ್ಲಿ ಹುರುಳಿ, ಅಲಸಂದೆ. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಖಾಲಿ ಚೌಕ ಎಲ್ಲರ ಕಣ್ಣೆದುರೇ ಇತ್ತು.

ಎಣ್ಣೆಗೆ ಬೇರೆ ಉಪಾಯ. ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ಅದೇ ಮಾದರಿ ತಟ್ಟೆಯಲ್ಲಿ ಎಣ್ಣೆ-ತುಪ್ಪ ತಲಾ 27 ಗ್ರಾಂ. ನಾಲ್ವರಿಗೆ ತಿಂಗಳಿಗೆ ಸುಮಾರು 3.5 ಲೀಟರ್. ಒಂದು ಲೀಟರ್ ಎಂಟು ದಿನಕ್ಕೂ ಮೊದಲೇ ಮುಗಿದರೆ ಜಾಸ್ತಿಯಾಯಿತು ಅಂತಲೇ ಅರ್ಥ. ಹೊರಗೆ ತಿಂದ ಬಜ್ಜಿ, ಬೋಂಡಾ ಇದರಲ್ಲಿ ಸೇರಿಲ್ಲ. ಈ ಲೆಕ್ಕ ಯಾವ ಆ್ಯಪೂ ನಮಗೆ ಕೊಡಲಿಲ್ಲ.

ಶುಗರ್ ಇರುವವರಿಗೆ ಡಾಕ್ಟರು ಇಷ್ಟೇ ಅನ್ನ ಅಂತ ಅಳತೆ ಹೇಳಿದ್ದರೆ ಆ್ಯಪೇ ಸರಿ, ಜೊತೆಗೆ ಒಂದು ಅಡುಗೆ ತಕ್ಕಡಿ ಬೇಕು. ಉಪ್ಪಿನ ಪ್ಯಾಕೆಟ್ಟಿಗೂ ಈ ತಿಂಗಳಿಂದ ಗುರುತು ಶುರುಮಾಡಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಅಂದರೆ ನಾಲ್ವರಿಗೆ ತಿಂಗಳಿಗೆ 600 ಗ್ರಾಂ ಒಳಗೆ, ಉಪ್ಪಿನಕಾಯಿ, ಹಪ್ಪಳದ್ದೂ ಸೇರಿ.