ಅಕ್ವೇರಿಯಂ ಬಕೆಟ್‌ಗೆ ಎಷ್ಟು ಲೀಟರ್: ಬಾಟಲಿ, ತಕ್ಕಡಿ, ಟೇಪು

ನೀರು ಬದಲಿಸುವಾಗ ಕ್ಲೋರಿನ್ ನಿವಾರಕ, ಉಪ್ಪು, ಔಷಧಿ ಎಲ್ಲವೂ ಲೀಟರ್ ಲೆಕ್ಕ. ಅಂಗಡಿಯವರು ಹೇಳುವ ‘20 ಲೀಟರ್’ ಸಾಮಾನ್ಯವಾಗಿ ಅಂಚಿನವರೆಗೆ ತುಂಬಿದರೆ. ಅಷ್ಟು ತುಂಬಿ ಯಾರೂ ಎತ್ತುವುದಿಲ್ಲ.

ಬಾಟಲಿ: ಖರ್ಚಿಲ್ಲ. ಆದರೆ 1 ಲೀಟರ್ ಬಾಟಲಿಯನ್ನು ಬಾಯಿಯವರೆಗೆ ತುಂಬಿದರೆ ಲೀಟರ್‌ಗಿಂತ ಜಾಸ್ತಿ ಹಿಡಿಯುತ್ತದೆ, 15 ಸಲ ಸುರಿದರೆ ತಪ್ಪೂ 15 ಪಟ್ಟು. ಹೊಸ ಬಾಟಲಿಯ ಮುಚ್ಚಳ ತೆರೆಯುವ ಮೊದಲೇ ನೀರಿನ ಮಟ್ಟಕ್ಕೆ ಗೆರೆ ಎಳೆದುಕೊಳ್ಳಿ. ಎಣಿಕೆ ತಪ್ಪುವುದೂ ಇಲ್ಲೇ.

ತಕ್ಕಡಿ: 1 ಲೀಟರ್ ನೀರು ಹೆಚ್ಚುಕಡಿಮೆ 1 ಕೆಜಿ. ಖಾಲಿ ಬಕೆಟ್ 0.8 ಕೆಜಿ, ತುಂಬಿದ್ದು 15.8 ಕೆಜಿ ತೂಗಿದರೆ ನೀರು 15 ಲೀಟರ್. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಹಿಡಿ ಗಟ್ಟಿಯಿದೆಯೇ ನೋಡಿಕೊಳ್ಳಿ.

ಟೇಪು: ಬಕೆಟ್ ಕೆಳಗೆ ಕಿರಿದು. ಒಳಗಿನ ಅಳತೆ, ನೀರಿನ ಮಟ್ಟದಲ್ಲಿ ವ್ಯಾಸ 30 ಸೆಂಮೀ, ತಳದಲ್ಲಿ 22, ನೀರಿನ ಎತ್ತರ 28 ಎನ್ನೋಣ. (30×30 + 30×22 + 22×22) × 28 × 0.2618 = ಸುಮಾರು 14,980 ಘನ ಸೆಂಮೀ, ಅಂದರೆ 15 ಲೀಟರ್. ಮೇಲಿನ ವ್ಯಾಸವೊಂದನ್ನೇ ಹಿಡಿದು ಲೆಕ್ಕ ಹಾಕಿದರೆ 19.8 ಬರುತ್ತದೆ, ಔಷಧಿ ಮೂರನೇ ಒಂದು ಪಾಲು ಹೆಚ್ಚು ಬೀಳುತ್ತದೆ! ತಳ ಒಳಮುಖವಾಗಿ ಉಬ್ಬಿದ್ದರೆ ಸೂತ್ರವೂ ಸ್ವಲ್ಪ ಹೆಚ್ಚೇ ಹೇಳುತ್ತದೆ.

ತಕ್ಕಡಿ ಸಿಕ್ಕರೆ ಅದೇ ಸರಿ. ಔಷಧಿ ಹಾಕುವುದಿದ್ದರೆ ಟೇಪನ್ನಷ್ಟೇ ನಂಬಬೇಡಿ. 5, 10, 15 ಲೀಟರ್‌ಗೆ ಗುರುತು ಹಾಕುವುದು ಬಕೆಟ್‌ನ ಹೊರಮೈಗೆ. ಒಳಗೆ ಮಾರ್ಕರ್ ಶಾಯಿ ಬೇಡ. ಸೋಪು ಕಂಡ ಬಕೆಟ್ ಮಾತ್ರ ಸ್ನಾನದ ಮನೆಯಲ್ಲೇ ಇರಲಿ.