ಫಾಸ್ಫೇಟ್ ಎಣಿಸಿ ಪ್ರಿಂಟ್ ಕೊಟ್ಟ ಕಾರವಾರದ ಅಂಗಡಿ

ಈ ಅಂಗಡಿಗೆ ಜಾಸ್ತಿ ಬರುವುದು ಮದುವೆ ಬ್ಯಾನರ್, ಯಕ್ಷಗಾನದ ಪೋಸ್ಟರ್ ಕೆಲಸ. ನಾನು ಒಯ್ದದ್ದು ಜೀವಕೋಶದ ಚಿತ್ರ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಕೋಶ ಒಂದು ಕಡೆ ಅಂಟಿ ಕೂತಾಗ ಅದರ ಪೊರೆಯಲ್ಲಿ ಏನೇನು ನಡೆಯುತ್ತದೆ ಎಂದು ತೋರಿಸಲು 3 ಅಡಿ ಅಗಲ, 4 ಅಡಿ ಎತ್ತರದ ಚಾರ್ಟ್ ಬೇಕಿತ್ತು. ರೆಡಿ ಇದ್ದದ್ದು ಎಲ್ಲೂ ಸಿಗಲಿಲ್ಲ.

ಕಂಪ್ಯೂಟರ್ ಮುಂದೆ ಕೂತ ಹುಡುಗ, "ಇದು ಎಂತ ಅಂತ ಹೇಳಿ ಮೇಡಂ, ಸರಿಯಾಗಿ ಮಾಡ್ತೆ" ಎಂದ. ಹೇಳಿದೆ. ಕೋಶದ ಮೈಮೇಲಿನ ಇಂಟೆಗ್ರಿನ್ ಎಂಬ ರಿಸೆಪ್ಟರ್ (ಹೊರಗಿನ ಸುದ್ದಿ ಹಿಡಿಯುವ ಪ್ರೋಟೀನ್) ಹೊರಗಿನ ಫೈಬ್ರೋನೆಕ್ಟಿನ್ ಎಂಬ ಪ್ರೋಟೀನ್ ಎಳೆಯನ್ನು ಹಿಡಿಯುತ್ತದೆ. ಹಿಡಿದ ಸುದ್ದಿ ಒಳಗೆ ಮುಟ್ಟಬೇಕು. ಆ ಕೆಲಸಕ್ಕೆ ಪೊರೆಯ ಕೊಬ್ಬೂ ಬೇಕು. ಒಳಪದರದಲ್ಲಿರುವ ಪಿಐಪಿ2 ಎಂಬ ಕೊಬ್ಬಿನ ಅಣುವನ್ನು ಪಿಎಲ್‌ಸಿ ಕಿಣ್ವ ಎರಡು ತುಂಡು ಮಾಡುತ್ತದೆ. ಒಂದು ತುಂಡಾದ ಡಿಎಜಿ ಪೊರೆಯಲ್ಲೇ ಉಳಿದು ಪಿಕೆಸಿ ಎಂಬ ಮತ್ತೊಂದು ಕಿಣ್ವವನ್ನು ಎಬ್ಬಿಸುತ್ತದೆ. ಇನ್ನೊಂದು ತುಂಡಾದ ಐಪಿ3 ಕೋಶದ ಒಳಗೆ ಇಳಿದು, ಅಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಬಿಡಿಸುತ್ತದೆ. ತುಂಡಾಗದ ಪಿಐಪಿ2 ಕೂಡ ಸುಮ್ನೆ ಇರುವುದಿಲ್ಲ, ಟ್ಯಾಲಿನ್ ಎಂಬ ಪ್ರೋಟೀನ್ ಜೊತೆ ಸೇರಿ ಇಂಟೆಗ್ರಿನ್ ಹಿಡಿತ ಗಟ್ಟಿಯಾಗಲು ನೆರವಾಗುತ್ತದೆ. ಹುಡುಗ ಒಂದೊಂದಕ್ಕೂ ಬೇರೆ ಬಣ್ಣ ಕೊಟ್ಟ.

ಮೊದಲ ಪ್ರಿಂಟ್ ತಂದು ಕ್ಲಾಸಿನಲ್ಲಿ ತೂಗುಹಾಕಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಮೇಡಂ, ಐಪಿ3ಯಲ್ಲಿ ಫಾಸ್ಫೇಟ್ ಎರಡೇ ಇದೆ ಅಲ್ವಾ?" ಎಂದಳು. ಹತ್ತಿರ ಹೋಗಿ ನೋಡಿದೆ. ಹೌದು. ಆರು ಮೂಲೆಯ ಇನೊಸಿಟಾಲ್ ಉಂಗುರದ 4 ಮತ್ತು 5ನೇ ಮೂಲೆಗೆ ಒಂದೊಂದು ಫಾಸ್ಫೇಟ್. 1ನೇ ಮೂಲೆಯ ಫಾಸ್ಫೇಟ್ ಉಂಗುರವನ್ನು ಗ್ಲಿಸರಾಲ್‌ಗೆ (ಡಿಎಜಿ ತುಂಡಿನ ಭಾಗ) ಸೇರಿಸುವ ಕೊಂಡಿ. ಪಿಎಲ್‌ಸಿಯ ಕತ್ತರಿ ಬೀಳಬೇಕಾದ್ದು ಆ ಕೊಂಡಿಯ ಗ್ಲಿಸರಾಲ್ ಬದಿಗೆ. ಆಗ ಆ ಫಾಸ್ಫೇಟೂ ಉಂಗುರದ ಜೊತೆ ಹೋಗಿ ಮೂರಾಗುತ್ತದೆ, ಹೆಸರಿನಲ್ಲಿರುವ 3 ಅದೇ. ಪ್ರಿಂಟಿನಲ್ಲಿ ಕತ್ತರಿ ಗೆರೆ ಉಂಗುರದ ಬದಿಗೆ ಬಿದ್ದಿತ್ತು. ಅರ್ಧ ಇಂಚು ಅಷ್ಟೇ, ಆದರೆ ಪಾಠವೇ ತಪ್ಪಾಗುತ್ತಿತ್ತು.

ವಾಪಸ್ ಒಯ್ದೆ. ಮುಖ ಸಿಂಡರಿಸದೆ ಗೆರೆ ಸರಿಸಿ, ಹೊಸ ಪ್ರಿಂಟ್ ತೆಗೆದುಕೊಟ್ಟರು. ಹೆಚ್ಚು ದುಡ್ಡು ಕೇಳಲಿಲ್ಲ. ಪ್ರಿಂಟ್ ಕೊಡುವ ಮೊದಲು ಹುಡುಗ ತಾನೇ ಪರದೆಗೆ ಬೆರಳಿಟ್ಟು ಎಣಿಸಿದ: ಒಂದು, ಎರಡು, ಮೂರು. ನನಗೆ ತುಂಬಾ ಖುಷಿಯಾಯಿತು.

ಚಾರ್ಟ್ ಮಾಡಿಸುವವರು ಮ್ಯಾಟ್ ಲ್ಯಾಮಿನೇಷನ್ನೇ ಹಾಕಿಸಿ. ಹೊಳೆಯುವುದಾದರೆ ಟ್ಯೂಬ್‌ಲೈಟ್ ಬಡಿದು ಹಿಂದೆ ಕೂತವರಿಗೆ ಅಕ್ಷರ ಕಾಣುವುದಿಲ್ಲ. ಜೂನ್ ಬಂತೆಂದರೆ ಕಾರವಾರದಲ್ಲಿ ಗೋಡೆಯೇ ಬೆವರುತ್ತದೆ. ನಮ್ಮ ಹಳೆಯ ಕಾಗದದ ಚಾರ್ಟುಗಳಿಗೆಲ್ಲ ಬೂಸಲು ಹಿಡಿದಿದೆ. ಈ ಚಾರ್ಟ್ ಇಡೀ ಮಳೆಗಾಲ ಕಳೆದರೂ ಒಂದು ಮೂಲೆಯೂ ಕಿತ್ತು ಬಂದಿಲ್ಲ. ಕೆಂಪು ಬಣ್ಣ ಮಾತ್ರ ಸ್ವಲ್ಪ ಮಂಕು. ಹೇಳಿದ್ದಕ್ಕಿಂತ ಎರಡು ದಿನ ತಡವೂ ಆಯಿತು, ಮದುವೆ ಸೀಸನ್‌ನಲ್ಲಿ ಕೊಡಬೇಡಿ. ನನಗೆ ಎಲ್ಲ ಸೇರಿ 780 ರೂಪಾಯಿ ಆಗಿತ್ತು. ಪ್ರಿಂಟ್ ಒತ್ತುವ ಮೊದಲು ಕನ್ನಡ ಒತ್ತಕ್ಷರಗಳನ್ನು ಪರದೆಯ ಮೇಲೆ ಒಮ್ಮೆ ಓದಿ. ನನ್ನದರಲ್ಲಿ ಫೈಬ್ರೋನೆಕ್ಟಿನ್‌ನ ಒತ್ತು ಹಾರಿಹೋಗಿತ್ತು, ಅಲ್ಲೇ ನಿಂತು ಸರಿ ಮಾಡಿಸಿದೆ.