ಭಾಜಕಗಳ ಎಣಿಕೆ: ಜೋಡಿ ಕ್ರಮವೋ, ಅವಿಭಾಜ್ಯ ಅಪವರ್ತನವೋ?

ಒಂದು ಸಂಖ್ಯೆಗೆ ಎಷ್ಟು ಭಾಜಕಗಳಿವೆ ಎಂದು ತಿಳಿಯುವ ಎರಡು ಕ್ರಮಗಳನ್ನು 720, 900, 5964, 9991 ಈ ನಾಲ್ಕರ ಮೇಲೆ ಕೈಲೆಕ್ಕದಲ್ಲೇ ಮಾಡಿ ನೋಡಿದೆವು. 1ರಿಂದ ಅರ್ಧದವರೆಗೆ ಒಂದೊಂದಾಗಿ ಭಾಗಿಸುತ್ತ ಹೋಗುವುದೂ ಒಂದು ದಾರಿಯೇ. ಆದರೆ 720ಕ್ಕೇ ಅದು 360 ಭಾಗಾಕಾರ ಕೇಳುತ್ತದೆ, ಬಿಟ್ಟುಬಿಡಿ.

ಜೋಡಿ ಕ್ರಮದಲ್ಲಿ, ಗುಣಿಸಿದರೆ ಆ ಸಂಖ್ಯೆಯೇ ಬರುವ ಎರಡೆರಡು ಭಾಜಕಗಳನ್ನು ಹುಡುಕುತ್ತೇವೆ. ಪ್ರತಿ ಜೋಡಿಯ ಚಿಕ್ಕದು ವರ್ಗಮೂಲವನ್ನು ಮೀರುವುದಿಲ್ಲ, ಹಾಗಾಗಿ ಅಲ್ಲಿಯವರೆಗೆ ಹೋದರೆ ಸಾಕು. 720ರ ವರ್ಗಮೂಲ ಸುಮಾರು 26.8. ಹಾಗಾಗಿ 26ರವರೆಗೆ ನೋಡಿದರೆ 1×720ರಿಂದ 24×30ರವರೆಗೆ 15 ಜೋಡಿ, ಅಂದರೆ 30 ಭಾಜಕಗಳು. ಎಡವುವುದು ಪೂರ್ಣವರ್ಗಗಳಲ್ಲಿ. 900ಕ್ಕೆ 13 ಜೋಡಿಗಳಾದ ಮೇಲೆ 30×30 ಬರುತ್ತದೆ. ಅದನ್ನೂ ಎರಡೆಂದು ಎಣಿಸಿದರೆ 28 ಆಗುತ್ತದೆ. ಸರಿಯಾದ ಉತ್ತರ 27.

ಇನ್ನು ಅಪವರ್ತನದ ಕ್ರಮ. 720 = 2⁴ × 3² × 5. ಭಾಜಕವನ್ನು ಕಟ್ಟುವಾಗ 2 ಅನ್ನು ನಾಲ್ಕು ಸಲದವರೆಗೆ ಬಳಸಬಹುದು, ಒಮ್ಮೆಯೂ ಬಳಸದೆಯೂ ಇರಬಹುದು: 5 ಆಯ್ಕೆ. ಘಾತಸೂಚಿಗೆ 1 ಕೂಡಿಸುವುದು ಆ 'ಬಳಸದಿರುವ' ಆಯ್ಕೆಗಾಗಿ. ಅದೇ ರೀತಿ 3ಕ್ಕೆ 3, 5ಕ್ಕೆ 2. ಗುಣಿಸಿದರೆ 30.

ಇಲ್ಲಿ ತಪ್ಪುಗಳ ಗುರುತು ಉತ್ತರದಲ್ಲೇ ಸಿಗುತ್ತದೆ. 720ಕ್ಕೆ 8 ಬಂದಿದ್ದರೆ 1 ಕೂಡಿಸಿಲ್ಲ. 15 ಬಂದಿದ್ದರೆ 5ರ ಮೇಲೆ ಬರೆಯದೆ ಬಿಟ್ಟ ಘಾತ 1 ಮರೆತಿದೆ. 6 ಬಂದಿದ್ದರೆ 12² × 5 ಎಂದಲ್ಲಿಗೇ ನಿಲ್ಲಿಸಲಾಗಿದೆ. 12 ಅವಿಭಾಜ್ಯವಲ್ಲ, ಅದನ್ನು ಇನ್ನೂ ಒಡೆಯಬೇಕು.

ಎರಡರ ನಡುವಿನ ಅಂತರ ಚೆನ್ನಾಗಿ ಕಂಡದ್ದು 5964ರಲ್ಲಿ. ಜೋಡಿ ಕ್ರಮದಲ್ಲಿ 77ರವರೆಗೆ ಪರೀಕ್ಷಿಸಬೇಕು. ಅಪವರ್ತನದಲ್ಲಿ 2ರಿಂದ ಎರಡು ಸಲ ಭಾಗಿಸಿದರೆ 1491, 3ರಿಂದ 497, 7ರಿಂದ 71. ಇದು ಮತ್ತೆ 7ರಿಂದ ಭಾಗವಾಗುವುದಿಲ್ಲ, ಮುಂದಿನ ಅವಿಭಾಜ್ಯ 11ರ ವರ್ಗವಾದ 121ಕ್ಕಿಂತಲೂ ಚಿಕ್ಕದು. ಆದ್ದರಿಂದ 71 ಅವಿಭಾಜ್ಯವೇ, ಅಲ್ಲಿಗೇ ನಿಲ್ಲಿಸಿ. 5964 = 2² × 3 × 7 × 71, ಆದ್ದರಿಂದ 3×2×2×2 = 24. ಈ ನಿಲುಗಡೆಯ ನಿಯಮ ಗೊತ್ತಿಲ್ಲದೆ ಸುಮ್ಮನೆ ಭಾಗಿಸುತ್ತ ಹೋಗುವವರೇ ಈ ಕ್ರಮ ನಿಧಾನ ಎನ್ನುತ್ತಾರೆ.

9991ರಲ್ಲಿ ಮಾತ್ರ ಅಪವರ್ತನವೂ ಬೆವರಿಳಿಸುತ್ತದೆ. ಅದು 97×103, ಮೊದಲ ಅಪವರ್ತನ ಸಿಗುವುದು 25ನೇ ಅವಿಭಾಜ್ಯದಲ್ಲಿ. ಬೆಸಸಂಖ್ಯೆಗಳನ್ನಷ್ಟೇ ನೋಡುವ ಜೋಡಿ ಕ್ರಮಕ್ಕೆ ಅಲ್ಲಿ 50 ಪರೀಕ್ಷೆ. 10000 − 9 = 100² − 3² = (100 − 3)(100 + 3) ಎಂದು ಹೊಳೆದರೆ ಎರಡೂ ಬೇಡ!

ಭಾಜಕಗಳ ಪಟ್ಟಿಯೇ ಬೇಕಿದ್ದು ಸಂಖ್ಯೆ ಚಿಕ್ಕದಿದ್ದರೆ ಜೋಡಿ ಕ್ರಮ ಹಿಡಿಯಿರಿ, ಪಟ್ಟಿ ತಾನೇ ಸಿದ್ಧವಾಗುತ್ತದೆ. ಎಣಿಕೆಯಷ್ಟೇ ಸಾಕಾದರೆ ನಮ್ಮ ಆಯ್ಕೆ ಅಪವರ್ತನ. ಪ್ರಶ್ನೆ ಸ್ವಲ್ಪ ತಿರುಗಿದರೂ ಅದು ಕೈಬಿಡುವುದಿಲ್ಲ: 720ರ ಸಮ ಭಾಜಕಗಳೆಷ್ಟು ಎಂದರೆ 2ರ 'ಬಳಸದಿರುವ' ಆಯ್ಕೆಯನ್ನು ತೆಗೆದುಹಾಕಿ, 4×3×2 = 24. ಪೂರ್ಣವರ್ಗ ಭಾಜಕಗಳೆಷ್ಟು ಎಂದರೆ ಸಮ ಘಾತಗಳನ್ನಷ್ಟೇ ಉಳಿಸಿಕೊಳ್ಳಿ, 3×2×1 = 6.